ಬೀಳದ ಮನೆಗೂ ಒಂದು ಮಹಜರು

ಕೊಡಗಿನ ಒಂದು ಹೋಬಳಿಯಲ್ಲಿ ಗ್ರಾಮ ಲೆಕ್ಕಿಗನಾಗಿದ್ದಾಗ ನನಗೆ ಬೆಳಗಿನ ಮೊದಲ ಕೆಲಸ ಮಳೆ ಅಳೆಯುವುದು. ನಾಡಕಚೇರಿಯ ಹಿಂದೆ ತಂತಿಬೇಲಿಯ ಒಳಗೆ ಮಳೆಮಾಪಕ ಇತ್ತು. ಸರಿಯಾಗಿ ಎಂಟೂವರೆಗೆ ಮೇಲಿನ ಆಲಿಕೆ ತೆಗೆದು, ಒಳಗಿನ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಓದಬೇಕು. ಕಕ್ಕಡ ತಿಂಗಳಲ್ಲಿ ಆ ಲೋಟ ಒಂದೇ ಬೆಳಿಗ್ಗೆ ಎಷ್ಟೋ ಸಲ ತುಂಬುತ್ತಿತ್ತು. ಲೆಕ್ಕ ತಪ್ಪಬಾರದೆಂದು ಗ್ರಾಮ ಸಹಾಯಕ ಕೊಡೆ ಹಿಡಿದು ಪಕ್ಕದಲ್ಲಿ ನಿಂತು, ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತಿದ್ದ. ಅಂಕಿಯನ್ನು ತಾಲ್ಲೂಕು ಕಚೇರಿಗೆ ಫೋನಿನಲ್ಲಿ ಹೇಳಿ, ರಿಜಿಸ್ಟರಿನಲ್ಲಿ ಬರೆದರೆ ನನ್ನ ಕೆಲಸ ಮುಗಿಯಿತು. ದಾರಿಯಲ್ಲಿ ಸಿಕ್ಕ ತೋಟದವರು ಮಾತ್ರ ನಿಲ್ಲಿಸಿ ಕೇಳುತ್ತಿದ್ದರು, "ನಿಮ್ಮಲ್ಲಿ ಎಷ್ಟು ಬಂತು? ನಮ್ಮಲ್ಲಿ ಐದು ಇಂಚು ಇಪ್ಪತ್ತು ಸೆಂಟ್." ಕಾಫಿ ಬೆಳೆಗಾರರ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದಿಂದ ಬರೆದುಕೊಂಡು ಬಂದ ಮಳೆ ಪುಸ್ತಕ ಇರುತ್ತದೆ. ಮಳೆಯ ವಿಷಯದಲ್ಲಿ ಅವರು ಸರ್ಕಾರದ ಅಂಕಿಗಿಂತ ತಮ್ಮ ಪುಸ್ತಕವನ್ನೇ ಹೆಚ್ಚು ನಂಬುತ್ತಾರೆ. ನಂಬುವುದು ಸರಿಯೂ ಹೌದು. ಬೆಟ್ಟದ ಈ ಕಡೆ ಸುರಿದದ್ದು ಆ ಕಡೆ ಸುರಿಯುವುದಿಲ್ಲ.

ಮೂವತ್ತನಾಲ್ಕು ವರ್ಷ ಕಂದಾಯ ಇಲಾಖೆಯಲ್ಲಿದ್ದು ಕಂದಾಯ ನಿರೀಕ್ಷಕನಾಗಿ ನಿವೃತ್ತನಾದೆ. ಈ ವರ್ಷಗಳಲ್ಲಿ ಸುರಿದ ಮಳೆಯನ್ನು ಅಳೆದೆ, ಬಿದ್ದ ಮನೆಯನ್ನು ಅಳೆದೆ. ಇವೆರಡರ ನಡುವೆ ಇರುವುದನ್ನು, ಅಂದರೆ ಈ ಮಳೆಗೆ ಆ ಮನೆ ಬಿದ್ದೀತೇ ಎನ್ನುವುದನ್ನು, ನೋಡಿ ಬರೆದುಕೊಂಡು ಬಾ ಎಂದು ಒಬ್ಬರೂ ನನ್ನನ್ನು ಕಳುಹಿಸಲಿಲ್ಲ. ನಾನಾಗಿ ಹೋಗಿ ಬರೆಯಲೂ ಇಲ್ಲ. ಬಿದ್ದ ಮನೆಗೆ ನಮೂನೆ ಇದೆ, ಮಹಜರು ಇದೆ, ಪರಿಹಾರದ ದರಪಟ್ಟಿ ಇದೆ. ನಾಳೆ ಬೀಳುವ ಮನೆಗೆ ನಮ್ಮ ಕಚೇರಿಗಳಲ್ಲಿ ಒಂದು ಹಾಳೆಯೂ ಇಲ್ಲ. ಈ ಲೇಖನ ಬರೆಯಲು ಕೂತದ್ದು ಆ ಒಂದು ಹಾಳೆಗಾಗಿ.

2018ರ ಆಗಸ್ಟನ್ನು ಕೊಡಗಿನವರಿಗೆ ಯಾರೂ ನೆನಪಿಸಬೇಕಾಗಿಲ್ಲ. ಆಶ್ಲೇಷ ಮುಗಿದು ಮಘೆ ಹಿಡಿಯುವ ಹೊತ್ತು. ಜೂನಿನಿಂದಲೇ ಬಿಡುವಿಲ್ಲದೆ ಸುರಿದು ಮಣ್ಣು ನೀರು ಕುಡಿದು ಕೂತಿತ್ತು. ಅದರ ಮೇಲೆ ಆಗಸ್ಟ್ ನಡುವಿನ ಆ ಮೂರ್ನಾಲ್ಕು ದಿನಗಳ ಮಳೆ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮದೆನಾಡು ಎಂದು ಒಂದಾದ ಮೇಲೊಂದು ಊರಿನಿಂದ ಗುಡ್ಡ ಜರಿದ ಸುದ್ದಿ ಬಂತು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿ ರಸ್ತೆ ಕಡಿದುಹೋಯಿತು. ಜಿಲ್ಲೆಯಲ್ಲಿ ಸುಮಾರು 20 ಜೀವ ಹೋಯಿತು, ಸಾವಿರಾರು ಜನ ಗಂಜಿ ಕೇಂದ್ರ ಸೇರಿದರು. ಮಳೆ ಸ್ವಲ್ಪ ಹಿಂದೆಗೆದ ಮೇಲೆ ನಮ್ಮನ್ನು ಮಹಜರಿಗೆ ಹಾಕಿದರು.

ಮಹಜರಿನಲ್ಲಿ ಚಕ್ಕುಬಂದಿ ಬರೆಯಬೇಕು. ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ತೋಡು, ಉತ್ತರಕ್ಕೆ ಪಂಚಾಯಿತಿ ರಸ್ತೆ, ದಕ್ಷಿಣಕ್ಕೆ ಗದ್ದೆ. ಒಂದು ಕಡೆ ನಾನು ಟೇಪು ಹಿಡಿದು ನಿಂತಾಗ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ತೋಡು ತನ್ನ ದಾರಿಯನ್ನೇ ಬದಲಿಸಿ ಮನೆ ಇದ್ದ ಜಾಗದಲ್ಲಿ ಹರಿಯುತ್ತಿತ್ತು. ಕೆಂಪು ಕೆಸರಿನಲ್ಲಿ ಒಂದು ರುಬ್ಬುವ ಕಲ್ಲು ಅರ್ಧ ಹೂತು ನಿಂತಿತ್ತು. ಮನೆಯ ಯಜಮಾನರು ಅದನ್ನು ಬೆರಳು ಮಾಡಿ ತೋರಿಸಿ, "ಅಡುಗೆಮನೆ ಇಲ್ಲೇ ಇತ್ತು ಅನ್ನಿಸುತ್ತೆ, ಬರ್ಕೊಳ್ಳಿ" ಎಂದರು. ಪಂಚರು ಆ ಕಲ್ಲನ್ನೇ ಗುರುತಾಗಿಟ್ಟುಕೊಂಡು ಹೆಜ್ಜೆ ಹಾಕಿ ಹಜಾರ ಎಲ್ಲಿ, ಕೊಟ್ಟಿಗೆ ಎಲ್ಲಿ ಎಂದು ತೋರಿಸಿದರು. ನಾನು ಬರೆದುಕೊಂಡೆ. ಕೊನೆಯಲ್ಲಿ ನಷ್ಟಕ್ಕೆ ಕಾರಣ ಎಂಬಲ್ಲಿ, ಅದುವರೆಗೆ ನೂರಾರು ಸಲ ಬರೆದಿದ್ದ ಎರಡು ಪದಗಳನ್ನು ಮತ್ತೆ ಬರೆದೆ: ಪ್ರಕೃತಿ ವಿಕೋಪ.

ಆ ಪದವನ್ನು ಬರೆಯಲೇಬೇಕು. ವಿಪತ್ತು ಪರಿಹಾರ ನಿಧಿಯ ಹಣ ಪಟ್ಟಿಯಲ್ಲಿ ಹೆಸರಿರುವ ವಿಕೋಪಗಳಿಗೆ ಮಾತ್ರ ಸಲ್ಲುತ್ತದೆ. ನೆರೆ, ಭೂಕುಸಿತ, ಮೇಘಸ್ಫೋಟ ಹೀಗೆ. ಮೇಲಿನವರು ಗುಡ್ಡ ಕಡಿದದ್ದರಿಂದ ಮನೆ ಬಿತ್ತು ಎಂದು ಬರೆದರೆ ಮನೆ ಕಳೆದುಕೊಂಡವರು ಪರಿಹಾರಕ್ಕಾಗಿ ಕೋರ್ಟು ಹತ್ತಬೇಕಾದೀತು. ಹಾಗಾಗಿ ಯಾವ ಗ್ರಾಮ ಲೆಕ್ಕಿಗನೂ ಬೇರೆ ಪದ ಬರೆಯುವುದಿಲ್ಲ. ದಯೆಯಿಂದಲೇ ಬರೆಯುತ್ತೇವೆ. ಆದರೆ ಆ ಪದ ಒಂದು ಸಲ ಮಹಜರಿಗೆ ಬಿತ್ತೆಂದರೆ ಗುಡ್ಡ ಯಾಕೆ ಜರಿಯಿತು ಎಂಬ ಪ್ರಶ್ನೆಯೂ ಅಲ್ಲಿಗೇ ಮುಚ್ಚಿಹೋಗುತ್ತದೆ. ಮಳೆ ಬಂತು, ಮನೆ ಹೋಯಿತು, ಚೆಕ್ ಕೊಟ್ಟೆವು.

ನನ್ನದೇ ಒಂದು ಕಡತದ ಮಾತು ಹೇಳುತ್ತೇನೆ. 2018ಕ್ಕೆ ಕೆಲವು ವರ್ಷ ಮೊದಲು, ಬೆಟ್ಟದ ನೆತ್ತಿಯ ಹತ್ತಿರ ಒಂದಿಷ್ಟು ಸೆಂಟ್ ಜಾಗವನ್ನು ಪ್ರವಾಸಿಗರ ವಸತಿಗಾಗಿ ಪರಿವರ್ತಿಸಿಕೊಡಲು ಅರ್ಜಿ ಬಂದಿತ್ತು. ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಸ್ಥಳ ತನಿಖೆಯ ವರದಿ ನನ್ನದು. ಜಮೀನಿನ ಮೇಲೆ ದಾವೆ ಇದೆಯೇ, ವಿದ್ಯುತ್ ತಂತಿ ಹಾದಿದೆಯೇ, ದಾರಿ ಇದೆಯೇ ಎಂದೆಲ್ಲ ನನಗೆ ಕೊಟ್ಟ ನಮೂನೆಯಲ್ಲಿ ಕೇಳಿತ್ತು. ಇಳಿಜಾರು ಎಷ್ಟು, ಕೆಳಗೆ ಯಾರಿದ್ದಾರೆ ಎಂದು ಕೇಳಿರಲಿಲ್ಲ. ಕೆಳಗೆ ತೋಟದ ಕೆಲಸಗಾರರ ಮೂರು ಲೈನ್‌ಮನೆಗಳಿದ್ದವು. ನಾನು ಅವುಗಳ ಮುಂದೆಯೇ ನಡೆದು ಮೇಲೆ ಹತ್ತಿದ್ದೆ. ಅಲ್ಲಿ ಒಬ್ಬರು ಕುಡಿಯಲು ನೀರು ಕೊಟ್ಟಿದ್ದರು. "ಅಭ್ಯಂತರ ಇರುವುದಿಲ್ಲ" ಎಂದು ಬರೆದು ಸಹಿ ಹಾಕಿದೆ. ಮುಂದಿನ ಬೇಸಿಗೆಯಲ್ಲಿ ಜೆಸಿಬಿ ಬಂತು. ಇಪ್ಪತ್ತಡಿಯಷ್ಟು ಎತ್ತರದ ಬರೆ (ನೆಟ್ಟಗಿನ ಮಣ್ಣಿನ ದಂಡೆ) ಕಡಿದು ಸಮತಟ್ಟು ಮಾಡಿದರು, ತೆಗೆದ ಮಣ್ಣನ್ನು ಕೆಳಗಿನ ತೋಡಿನ ತಲೆಗೆ ನೂಕಿದರು.

ಆ ಆಗಸ್ಟಿನಲ್ಲಿ ಅಲ್ಲಿ ಗುಡ್ಡ ಜರಿದು ಮೂರೂ ಲೈನ್‌ಮನೆ ಹೋದವು. ಒಂದು ಜೀವವೂ ಹೋಗಲಿಲ್ಲ. ಅದಕ್ಕೆ ಕಾರಣ ತೋಟದ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ ಹೆಂಗಸು. ಮಹಜರಿನ ದಿನ ಆಕೆ ಹೇಳಿದ ಮಾತು ಇದು: "ಸಾಯಂಕಾಲ ಪಾತ್ರೆ ತೊಳೆಯೋಕೆ ಹೋದೆ ಸಾರ್. ಜಲದ ನೀರು ಕೆಂಪಾಗಿತ್ತು. ಎಂಥಾ ಮಳೆ ಬಂದ್ರೂ ಆ ನೀರು ತಿಳಿಯಾಗೇ ಇರ್ತಿತ್ತು. ಸ್ವಲ್ಪ ಹೊತ್ತಿಗೆ ನಿಂತೇ ಹೋಯ್ತು. ನಂಗೆ ಹೆದರಿಕೆ ಆಯ್ತು. ಅತ್ತೇನೂ ಮಕ್ಕಳನ್ನೂ ಕರ್ಕೊಂಡು ಗೋಡೌನಿಗೆ ಹೋದೆ, ಪಕ್ಕದ ಮನೆಯವರನ್ನೂ ಬಯ್ದು ಎಬ್ಬಿಸ್ಕೊಂಡು ಹೋದೆ." ಗೋಡೌನು ಎದುರಿನ ದಿಣ್ಣೆಯ ಮೇಲಿತ್ತು. ಗುಡ್ಡ ಬಂದದ್ದು ನಡುರಾತ್ರಿ.

ಆಕೆ ಕಂಡದ್ದನ್ನೇ ಭೂವಿಜ್ಞಾನಿಗಳು ಬೇರೆ ಮಾತಿನಲ್ಲಿ ಹೇಳುತ್ತಾರೆ. ನಮ್ಮ ಬೆಟ್ಟಗಳಲ್ಲಿ ಗಟ್ಟಿ ಬಂಡೆಯ ಮೇಲೆ ಹಲವು ಮೀಟರ್ ದಪ್ಪಕ್ಕೆ ಶಿಥಿಲವಾದ ಕಲ್ಲು ಮತ್ತು ಕೆಂಪು ಮಣ್ಣು ಕೂತಿದೆ. ವಾರಗಟ್ಟಲೆ ಮಳೆ ಸುರಿದಾಗ ನೀರು ಮಣ್ಣಿನ ಸಂದುಗಳಲ್ಲೆಲ್ಲ ತುಂಬಿ, ಕಣಕಣವನ್ನೂ ಒಂದರಿಂದೊಂದು ದೂಡುತ್ತದೆ. ಭಾರ ಹೆಚ್ಚುತ್ತದೆ, ಹಿಡಿತ ತಪ್ಪುತ್ತದೆ. ಇಂಥ ಇಳಿಜಾರಿನ ಬುಡ ಕಡಿದರೆ ಊರುಗೋಲು ಎಳೆದಂತೆ. ನೀರು ಇಳಿದುಹೋಗುವ ತೋಡಿಗೆ ಮಣ್ಣು ತುಂಬಿದರೆ ಆ ನೀರೂ ಗುಡ್ಡದೊಳಗೇ ಉಳಿಯುತ್ತದೆ. ತಿಳಿನೀರಿನ ಜಲ, ಅಂದರೆ ಒರತೆ, ಕೆಂಪಾಯಿತೆಂದರೆ ಒಳಗಿನ ಮಣ್ಣು ನೀರಿನ ಜೊತೆ ಹೊರಟಿದೆ ಎಂದರ್ಥ. ಹರಿಯುತ್ತಿದ್ದದ್ದು ಹಠಾತ್ತನೆ ನಿಂತರೆ ಮೇಲೆಲ್ಲೋ ಕಟ್ಟಿಕೊಂಡಿದೆ ಎಂದರ್ಥ. ಅಂಗಳದ ಬಿರುಕು, ವಾಲಿದ ಅಡಿಕೆ ಮರ, ಇದ್ದಕ್ಕಿದ್ದಂತೆ ಚಿಲಕಕ್ಕೆ ಕೂಡದೇ ಹೋದ ಬಾಗಿಲು, ಇವೆಲ್ಲ ಅದೇ ಮಾತನ್ನು ಹೇಳುತ್ತವೆ.

ಆ ಮಹಜರಿನಲ್ಲೂ ನಾನು ಪ್ರಕೃತಿ ವಿಕೋಪ ಎಂದೇ ಬರೆದೆ. ಮೂರು ಕುಟುಂಬಕ್ಕೂ ಪರಿಹಾರ ಬಂತು. ಕೆಲವು ವರ್ಷ ಹಿಂದೆ ಅದೇ ಸರ್ವೆ ನಂಬರಿನ ಬಗ್ಗೆ ನಾನೇ ಬರೆದ ಅಭ್ಯಂತರವಿಲ್ಲದ ವರದಿ ಅದೇ ಕಚೇರಿಯ ಇನ್ನೊಂದು ಕಪಾಟಿನಲ್ಲಿತ್ತು. ಎರಡು ಹಾಳೆಗಳೂ ಒಂದೇ ಕೈಬರಹ. ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕಾದ ಕೆಲಸ ಯಾರದೂ ಆಗಿರಲಿಲ್ಲ.

ಎಲ್ಲ ಗುಡ್ಡವೂ ಮನುಷ್ಯ ಕಡಿದದ್ದರಿಂದಲೇ ಜರಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಆ ಮಳೆಗೆ ಜೆಸಿಬಿ ಮುಟ್ಟದ ಇಳಿಜಾರುಗಳೂ ಕೆಲವು ಬಂದವು. 2020ರ ಆಗಸ್ಟ್ ಮೊದಲ ವಾರ ತಲಕಾವೇರಿಯ ಬೆಟ್ಟ ಜರಿದು ಅರ್ಚಕರ ಮನೆಯನ್ನೇ ಎಳೆದುಕೊಂಡು ಹೋಯಿತು, ಐವರು ಮಣ್ಣಿನಡಿ ಸಿಲುಕಿದರು. 2018ರ ಜುಲೈನಲ್ಲಿ ಜಿಲ್ಲೆಯಲ್ಲಿ ಲಘುವಾಗಿ ಭೂಮಿ ನಡುಗಿತ್ತು. ಆಗಸ್ಟಿನ ಕುಸಿತಕ್ಕೆಲ್ಲ ಅದೇ ಕಾರಣ ಎಂದು ಊರೂರಲ್ಲಿ ಮಾತಾಯಿತು. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ನೋಡಿ, ಕುಸಿತವನ್ನು ಹೊರಡಿಸಿದ್ದು ಮಳೆ, ಅದಕ್ಕೆ ದಾರಿ ಮಾಡಿಕೊಟ್ಟದ್ದು ರಸ್ತೆಗೂ ಮನೆಗೂ ತೋಟಕ್ಕೂ ಆಸರೆಯಿಲ್ಲದೆ ಕಡಿದ ಇಳಿಜಾರು ಎಂದರು. ಭೂಕಂಪದ ಮಾತು ಜನರಿಗೆ ಯಾಕೆ ಹಿಡಿಸಿತು ಎಂದು ನಾನು ಯೋಚಿಸಿದ್ದೇನೆ. ಭೂಮಿಯೇ ನಡುಗಿದರೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ಕಡಿದವರೇ ಹೋಗುತ್ತಾರೆ ಎಂಬ ನ್ಯಾಯವೂ ಇಲ್ಲಿ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಬಂತು. ರಸ್ತೆ ಬದಿಯ ಚಹದಂಗಡಿ ನಡೆಸುತ್ತಿದ್ದ ಕುಟುಂಬ ಹೋಯಿತು. ಲಾರಿ ನಿಲ್ಲಿಸಿ ದಣಿವಾರಿಸಿಕೊಳ್ಳುತ್ತಿದ್ದವರು ಹೋದರು. ಒಬ್ಬ ಕೇರಳದ ಚಾಲಕನ ದೇಹ ಲಾರಿಯ ಸಮೇತ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಎಪ್ಪತ್ತು ದಿನ ಕಳೆದ ಮೇಲೆ. ಮಣ್ಣು ನದಿಗೆ ಬಿದ್ದ ಹೊಡೆತಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಆಚೆ ದಡದವರು ಈ ದಡದ ಗುಡ್ಡಕ್ಕೆ ಒಂದು ಹಾರೆಯನ್ನೂ ಹಾಕಿದವರಲ್ಲ. ಅದಾಗಿ ಎರಡು ವಾರಕ್ಕೆ, ಜುಲೈ 30ರ ನಸುಕಿನಲ್ಲಿ, ನಮ್ಮ ಗಡಿಯಾಚೆ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯ ತೋಟಗಳಿಗೆ ದುಡಿಯಲು ಹೋಗಿ ನೆಲೆಸಿದ್ದ ನಮ್ಮ ಚಾಮರಾಜನಗರ ಕಡೆಯವರೂ ಅವರಲ್ಲಿದ್ದರು.

ಅಪಾಯದ ನಕ್ಷೆ ಇಲ್ಲವೇ ಎಂದು ಕೇಳಬಹುದು. ಇದೆ. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದೇಶದ ಭೂಕುಸಿತ ಪ್ರದೇಶಗಳ ನಕ್ಷೆ ಮಾಡಿದೆ, ಒಳ್ಳೆಯ ಕೆಲಸ. ಅದು ಐವತ್ತು ಸಾವಿರಕ್ಕೆ ಒಂದರ ಪ್ರಮಾಣದ್ದು. ಹಾಗೆಂದರೆ ಹಾಳೆಯ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. ನನ್ನ ಪೆನ್ಸಿಲ್ ಮೊನೆಯ ಒಂದು ಚುಕ್ಕೆಯೊಳಗೆ ಮೂರು ಲೈನ್‌ಮನೆ, ಮೇಲಿನ ಬರೆ, ತೋಡು ಎಲ್ಲ ಮುಳುಗಿಹೋಗುತ್ತವೆ. ಆ ನಕ್ಷೆ ಯಾವ ಹೋಬಳಿ ನೋಡಬೇಕು ಎಂದು ಹೇಳುತ್ತದೆ, ಯಾವ ಮನೆ ಎಂದು ಹೇಳಲಾರದು. ಮಳೆಯ ಲೆಕ್ಕವೂ ಈಗ ನನ್ನ ಗಾಜಿನ ಲೋಟದ ಕಾಲದಂತಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಆರು ಸಾವಿರಕ್ಕೂ ಮಿಕ್ಕಿವೆ, ಗ್ರಾಮ ಪಂಚಾಯಿತಿ ಮಟ್ಟದವರೆಗೂ ಬಂದಿವೆ, ಕ್ಷಣಕ್ಷಣದ ಮಳೆಯನ್ನು ತಾವೇ ಬೆಂಗಳೂರಿಗೆ ತಿಳಿಸುತ್ತವೆ. ಇಷ್ಟೆಲ್ಲ ಇದ್ದೂ ಊರಿನವರ ಫೋನಿಗೆ ಬರುವುದು ಜಿಲ್ಲೆಗೆ ರೆಡ್ ಅಲರ್ಟ್ ಎಂಬ ಒಂದು ಸಾಲು. ಜಿಲ್ಲೆ ಎಂದರೆ ಯಾರ ಮನೆ? ವರ್ಷಕ್ಕೆ ಹತ್ತು ಸಲ ಅದೇ ಸಾಲು ಬಂದು, ಹತ್ತು ಸಲವೂ ಏನೂ ಆಗದಿದ್ದರೆ ಹನ್ನೊಂದನೆಯದನ್ನು ಯಾರು ಓದುತ್ತಾರೆ?

ಓದಿದರೂ ಹೊರಡುವುದು ಸುಲಭವಲ್ಲ. 2019ರ ಮಳೆಯಲ್ಲಿ ಒಂದು ಇಳಿಜಾರಿನ ಮನೆಯ ಅಜ್ಜಿಯನ್ನು ಗಂಜಿ ಕೇಂದ್ರ ಮಾಡಿದ್ದ ಶಾಲೆಗೆ ಕರೆತರಲು ನಾನು ಮೂರು ಸಲ ಹತ್ತಿ ಇಳಿದೆ. "ಅಜ್ಜಿ, ಒಂದು ರಾತ್ರಿ ಬನ್ನಿ, ಬೆಳಿಗ್ಗೆ ನಾನೇ ಬಿಟ್ಟುಬರ್ತೇನೆ" ಎಂದರೆ, "ಬರ್ತೇನೆ ಮಗ, ಹಸು ಎಲ್ಲಿ ಕಟ್ಟಲಿ?" ಎಂದು ಕೇಳಿದರು. ಶಾಲೆಯಲ್ಲಿ ಚಾಪೆ ಇತ್ತು, ಅನ್ನ ಇತ್ತು, ಡಾಕ್ಟರು ಇದ್ದರು. ಹಸು ಕಟ್ಟಲು ಜಾಗ ಇರಲಿಲ್ಲ. ತುಂಬಿದ ಗಬ್ಬದ ಹಸು ಅದು. ಮಳೆಯಲ್ಲಿ ಬಿಟ್ಟು ಬರಲು ಅವರಿಗೆ ಮನಸ್ಸಾಗಲಿಲ್ಲ, ನನಗೂ ಒತ್ತಾಯ ಮಾಡಲು ಬಾಯಿ ಬರಲಿಲ್ಲ. ಕೊನೆಗೆ ಶಾಲೆಯ ಎದುರು ಮನೆಯವರು ತಮ್ಮ ಸೌದೆ ಕೊಟ್ಟಿಗೆ ತೆರವು ಮಾಡಿಕೊಟ್ಟರು. ಅಜ್ಜಿ ಹಸುವಿನ ಹಗ್ಗ ಹಿಡಿದುಕೊಂಡು ಇಳಿದರು. ಅವರ ಹಿಂದೆ ಅದೇ ದಿಣ್ಣೆಯ ಇನ್ನೂ ನಾಲ್ಕು ಮನೆಯವರು ದನ, ಆಡು, ನಾಯಿ ಸಮೇತ ಇಳಿದುಬಂದರು. ಅವರೆಲ್ಲ ಮೊಂಡರು ಎಂದು ಹಿಂದಿನ ದಿನ ನಾವು ವರದಿ ಮಾಡಿದ್ದೆವು. ಅವರಿಗೆ ಬೇಕಾಗಿದ್ದದ್ದು ಒಂದು ಕೊಟ್ಟಿಗೆ.

ಜನ ಮಾತು ಕೇಳುವುದಿಲ್ಲ ಎನ್ನುವವರು ಒಡಿಶಾ ನೋಡಬೇಕು. 1999ರ ಅಕ್ಟೋಬರಿನ ಚಂಡಮಾರುತದಲ್ಲಿ ಅಲ್ಲಿ ಹತ್ತಿರಹತ್ತಿರ 10,000 ಜನ ಸತ್ತರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿಯೇ ಸ್ಥಳಾಂತರ ಮಾಡಿದರು, ಸತ್ತವರ ಲೆಕ್ಕ ಕೆಲವು ಹತ್ತುಗಳಲ್ಲಿ ನಿಂತಿತು. ಹದಿನಾಲ್ಕು ವರ್ಷದಲ್ಲಿ ಆ ಸಮುದ್ರವೇನೂ ಮೃದುವಾಗಿರಲಿಲ್ಲ. ಊರೂರಿಗೆ ಚಂಡಮಾರುತದ ಆಶ್ರಯ ಕಟ್ಟಡಗಳನ್ನು ಕಟ್ಟಿದ್ದರು, ಯಾರ ಮನೆಯಿಂದ ಯಾರನ್ನು ಯಾರು ಎತ್ತಿಕೊಂಡು ಬರಬೇಕು ಎಂದು ಊರಿನ ಹುಡುಗರಿಗೆ ಮೊದಲೇ ಅಭ್ಯಾಸ ಮಾಡಿಸಿದ್ದರು. ಚಂಡಮಾರುತ ಬರುವುದು ದಿನ ಮುಂಚೆ ತಿಳಿಯುತ್ತದೆ, ಗುಡ್ಡದ್ದು ಹಾಗಲ್ಲ ಎಂದು ಇಂಜಿನಿಯರ್ ಗೆಳೆಯರೊಬ್ಬರು ನನ್ನ ಜೊತೆ ವಾದ ಮಾಡುತ್ತಾರೆ. ಗುಡ್ಡ ಯಾವ ಗಳಿಗೆಯಲ್ಲಿ ಬರುತ್ತದೆಂದು ಹೇಳಲಾಗದು, ಒಪ್ಪುತ್ತೇನೆ. ಎಲ್ಲಿ ಬರಬಹುದು, ಯಾರ ಮೇಲೆ ಬರಬಹುದು ಎನ್ನುವುದನ್ನು ಬೇಸಿಗೆಯಲ್ಲಿ ಊರು ನಡೆದು ನೋಡಿದರೆ ಮುಕ್ಕಾಲು ಪಾಲು ಹೇಳಬಹುದು. ಆ ಲೈನ್‌ಮನೆಗಳ ಮೇಲಿನ ಬರೆಯನ್ನು ನೋಡಿದ ಯಾರಾದರೂ ಹೇಳುತ್ತಿದ್ದರು.

ಹಣ ಎಲ್ಲಿದೆ ಎಂಬುದು ಮುಂದಿನ ಪ್ರಶ್ನೆ. 15ನೇ ಹಣಕಾಸು ಆಯೋಗ 2021ರಿಂದ 26ರ ಅವಧಿಗೆ ಎಲ್ಲ ರಾಜ್ಯಗಳ ವಿಪತ್ತು ನಿಧಿಗೆ ಸೇರಿ 1,60,153 ಕೋಟಿ ರೂಪಾಯಿ ಲೆಕ್ಕ ಹಾಕಿತು. ಅದರಲ್ಲಿ ನೂರಕ್ಕೆ 20ರಷ್ಟನ್ನು ಪರಿಹಾರಕ್ಕೆ ಮುಟ್ಟದೆ, ವಿಪತ್ತು ತಗ್ಗಿಸುವುದಕ್ಕೆಂದೇ ಬೇರೆ ನಿಧಿಯಾಗಿ ತೆಗೆದಿಡಬೇಕು ಎಂದಿತು. ಇದು ದೊಡ್ಡ ತಿರುವು. ಪರಿಹಾರದ ಹಣಕ್ಕೆ ದಾರಿ ಗೊತ್ತು. ನಮ್ಮ ರಾಜ್ಯದಲ್ಲಿ ಜೀವ ಹೋದರೆ 5 ಲಕ್ಷ, 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಸ್ವಲ್ಪ ಜಖಂ ಆದ ಸಿ ವರ್ಗದ ಮನೆಗೆ 50,000. ನಾವು ಟೇಪು ಹಿಡಿದು ಎ, ಬಿ, ಸಿ ಎಂದು ವಿಂಗಡಿಸುತ್ತಿದ್ದೆವು. ತಗ್ಗಿಸುವ ಹಣಕ್ಕೆ ಹಾಗೆ ಕೆಳಗಿನಿಂದ ಮೇಲಕ್ಕೆ ಹೋಗುವ ಪಟ್ಟಿ ಇಲ್ಲ. ಇಂಥ ಬರೆಗೆ ತಡೆಗೋಡೆ ಬೇಕು, ಇಂಥ ತೋಡಿನ ಹೂಳು ತೆಗೆಯಬೇಕು, ಇಂಥ ನಾಲ್ಕು ಮನೆಗೆ ಬೇರೆ ನಿವೇಶನ ಬೇಕು ಎಂದು ಕೇಳುವ ಕಾಗದ ಪಂಚಾಯಿತಿಯಿಂದಲೇ ಏಳಬೇಕು. ಅದು ಏಳದಿದ್ದರೆ ಆ ಹಣ ದೊಡ್ಡ ಕಾಮಗಾರಿಗಳ ಕಡೆಗೇ ಹರಿಯುತ್ತದೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಘಟ್ಟದ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಮೇ ತಿಂಗಳು ಮುಗಿಯುವ ಮೊದಲು, ಬೀಳದ ಮನೆಗಳ ಮಹಜರು ನಡೆಯಲಿ. ಗ್ರಾಮ ಆಡಳಿತಾಧಿಕಾರಿ, ಪಂಚಾಯಿತಿಯವರು, ಒಬ್ಬ ಭೂವಿಜ್ಞಾನದ ಪದವೀಧರ, ಜೊತೆಗೆ ಆ ದಿಣ್ಣೆಯಲ್ಲೇ ವಾಸ ಮಾಡುವ ಇಬ್ಬರು ಪಂಚರು. ಬರೆಯ ಎತ್ತರ, ಮನೆಗೂ ಬರೆಗೂ ಇರುವ ದೂರ, ನೀರಿನ ದಾರಿ, ರಾತ್ರಿ ಹೊರಡಬೇಕಾದರೆ ಎತ್ತಿಕೊಂಡು ಹೋಗಬೇಕಾದವರು ಯಾರು, ದನ ಎಷ್ಟು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಲಿ. ಭೂ ಪರಿವರ್ತನೆಯ ಅರ್ಜಿ ಬಂದರೆ ಮೊದಲು ಈ ಪುಸ್ತಕ ತೆರೆಯಬೇಕು ಎಂದು ಕಾನೂನಾಗಲಿ. ಕುಸಿತ ಆದ ಮೇಲೆ ಪರಿಹಾರದ ಹಾಳೆಯಲ್ಲಿ ಪ್ರಕೃತಿ ವಿಕೋಪ ಎಂದೇ ಇರಲಿ, ಕಳೆದುಕೊಂಡವರಿಗೆ ಒಂದು ರೂಪಾಯಿಯೂ ತಪ್ಪಬಾರದು. ಅದರ ಜೊತೆ ಇನ್ನೊಂದು ಹಾಳೆಯಲ್ಲಿ ಗುಡ್ಡ ಯಾಕೆ ಬಂತು ಎಂದು ಬರೆದು, ಗ್ರಾಮಸಭೆಯಲ್ಲಿ ಓದಲಿ.

ಇದಕ್ಕೆ ವಿರೋಧ ಬರುತ್ತದೆ, ಬರುವುದು ಸಹಜ. ಜಾಗದ ಮೇಲೆ ಅಪಾಯ ಎಂದು ಬರೆದರೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಮಗಳ ಮದುವೆಗೆ ಮಾರಬೇಕೆಂದರೆ ಬೆಲೆ ಬರುವುದಿಲ್ಲ ಎಂದು ಒಬ್ಬ ರೈತರು ನನ್ನ ಎದುರೇ ಹೇಳಿದರು. ಅವರ ಆಸ್ತಿ ಅದೊಂದೇ. ಅವರ ಭಯವನ್ನು ತಳ್ಳಿಹಾಕಿ ಈ ಕೆಲಸ ಮಾಡಲಾಗದು. ಅಪಾಯ ಎಂದು ಬರೆದ ಕೈಯೇ ಅದರ ಪಕ್ಕದಲ್ಲಿ ಅಪಾಯ ತಗ್ಗಿಸುವ ಕೆಲಸವನ್ನೂ ಬರೆಯಬೇಕು, ಆ ಕೆಲಸ ಆದ ಮೇಲೆ ಮತ್ತೆ ಬಂದು ನೋಡಿ ತಿದ್ದಬೇಕು. ಬರಿಯ ಕೆಂಪು ಗೆರೆ ಎಳೆದು ಹೋದರೆ ಅವರನ್ನು ಎರಡು ಸಲ ಬೀಳಿಸಿದಂತೆ.

ಕಳೆದ ಬೇಸಿಗೆಯಲ್ಲಿ ನಾನಿರುವ ಊರಿನಲ್ಲಿ ನಾವು ಐದು ಜನ ಇದನ್ನು ಮಾಡಿ ನೋಡಿದೆವು. ಕೈಯಲ್ಲಿ ಇನ್ನೂರು ಪುಟದ ಶಾಲಾ ನೋಟ್‌ಬುಕ್, ನನ್ನ ಹಳೆಯ ಟೇಪು. ನಾಲ್ಕು ದಿನ ನಡೆದೆವು. ಹದಿನೇಳು ಮನೆ ಬರೆದೆವು. ಅಂದು ಜಲ ಕೆಂಪಾದದ್ದನ್ನು ಕಂಡ ಹೆಂಗಸು ಈಗ ಪುನರ್ವಸತಿಯ ಮನೆಯಲ್ಲಿದ್ದಾರೆ. ಅವರೂ ಒಂದು ದಿನ ಬಂದಿದ್ದರು. ಪ್ರತಿ ಮನೆಯ ಹಿಂದೆ ನಿಂತು ನಾವು ಬರೆಯ ಎತ್ತರ ನೋಡುತ್ತಿದ್ದರೆ, ಅವರು ಮನೆಯವರ ಹತ್ತಿರ "ನಿಮ್ಮ ಕುಡಿಯೋ ನೀರು ಎಲ್ಲಿಂದ ಬರುತ್ತಕ್ಕ?" ಎಂದು ಕೇಳಿ, ಆ ಜಾಗಕ್ಕೆ ಹೋಗಿ ಬಗ್ಗಿ ನೋಡುತ್ತಿದ್ದರು. ಮೂರನೆಯ ಮನೆಯ ಹೊತ್ತಿಗೆ ನಾವೂ ಅವರ ಹಿಂದೆಯೇ ಹೋಗತೊಡಗಿದೆವು. ನೋಟ್‌ಬುಕ್ಕಿನಲ್ಲಿ ನೀರಿಗಾಗಿ ಒಂದು ಹೊಸ ಕಲಂ ಎಳೆದೆವು.

ಪುಸ್ತಕವನ್ನು ಪಂಚಾಯಿತಿಗೆ ಒಯ್ದು ಕೊಟ್ಟೆ. ಅಲ್ಲಿಯ ಯುವ ಅಧಿಕಾರಿ ಒಂದೊಂದೇ ಪುಟ ತಿರುವಿ ಪೂರ್ತಿ ಓದಿದರು. ಹನ್ನೆರಡನೆಯ ಮನೆ ಅವರ ಕಚೇರಿಯ ಅಟೆಂಡರದ್ದು, ಅಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ತಲೆಯೆತ್ತಿ, "ಇದನ್ನು ಯಾವ ಫೈಲಿಗೆ ಹಾಕಲಿ ಸಾರ್?" ಎಂದು ಕೇಳಿದರು. ನಾನು ಹೊಸ ಫೈಲು ತರಿಸಿ ಎಂದೆ. ರಟ್ಟಿನ ಮೇಲೆ ಊರಿನ ಹೆಸರು ಬರೆದರು, ವರ್ಷ ಬರೆದರು. ವಿಷಯ ಎಂಬಲ್ಲಿಗೆ ಬಂದು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಹದಿನೇಳು ಮನೆ, ಜನ ಎಪ್ಪತ್ತೆರಡು" ಎಂದು ಹೇಳಿದೆ. ಹಾಗೆಯೇ ಬರೆದುಕೊಂಡರು.